ನೀರು ಬಂದ ಕಡೆ ಹತ್ತಿ ಹೋಯಿತು

ಮಸ್ಕಿ ಎಂದೊಡನೆ ನೆನಪಾಗುವುದು ಅಶೋಕ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಇಲ್ಲಿನ ಗುಡ್ಡಕ್ಕೆ ಬಂದಾಗ ಬಂಡೆಯ ಮೇಲಿನ ಬರಹ ಅವನ ಕಣ್ಣಿಗೆ ಬಿತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದಿದ್ದ ದೊರೆ ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾಯಿತು. ಅಂದಿನಿಂದ ಪಠ್ಯಪುಸ್ತಕದಲ್ಲಿ ಮಸ್ಕಿಗೆ ಒಂದು ಸಾಲು ಮೀಸಲು. ಪಕ್ಕದ ಹಟ್ಟಿಗೆ ಚಿನ್ನದ ಗಣಿಯಿಂದಾಗಿ ಇನ್ನೊಂದು ಸಾಲು. ಮುದಗಲ್ಲಿನ ಕೋಟೆಗೆ, ಅಲ್ಲಿನ ಮೊಹರಂಗೆ ಮತ್ತೊಂದು. ಆದರೆ ಈ ಸೀಮೆಯ ಜನ ತಲೆಮಾರುಗಳಿಂದ ಬಿತ್ತಿ, ಬಿಡಿಸಿ, ಹಿಂಜಿ, ನೂತು, ಮಾರಿ ಬದುಕಿದ ಹತ್ತಿಯ ಬಗ್ಗೆ ಇತಿಹಾಸ ಬರೆಯುವವರು ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ಅರಸರು ಈ ನೆಲಕ್ಕಾಗಿ ಹೊಡೆದಾಡಿದ್ದು ಗೊತ್ತು, ಈ ನೆಲದಲ್ಲಿ ಏನು ಬೆಳೆಯುತ್ತಿತ್ತು ಎಂಬುದು ಗೊತ್ತಿಲ್ಲ ಎಂಬಂತಾಗಿದೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಹಳೆಯ ಶಾಸನಗಳು ಈ ನಡುನಾಡನ್ನು ಎಡೆದೊರೆನಾಡು ಎಂದವು, ಫಾರ್ಸಿ ಬಲ್ಲವರು ದೋಆಬ್ ಎಂದರು. ಎರಡರ ಅರ್ಥವೂ ಒಂದೇ, ಎರಡು ನೀರಿನ ನಡುವಿನ ನೆಲ. ವಿಚಿತ್ರವೆಂದರೆ, ಎರಡು ನದಿಗಳಿದ್ದೂ ಇದು ಬರದ ನಾಡು. ಮಳೆ ಕಡಿಮೆ, ಬಂದರೆ ತಡವಾಗಿ. ಇಲ್ಲಿನ ಭಾಗ್ಯವೆಂದರೆ ಎರೆಭೂಮಿ. ಒಮ್ಮೆ ಹದವಾಗಿ ತೊಯ್ದರೆ ಈ ಕಪ್ಪುಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳ ಜೊತೆಗೆ ಹತ್ತಿಯೂ ಆ ತೇವವನ್ನು ನಂಬಿಯೇ ಬೆಳೆಯುತ್ತಿತ್ತು. ಆಗಿನ ಜವಾರಿ ಹತ್ತಿ ಇಂದಿನ ಹತ್ತಿಯಂತಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಬಿತ್ತಿದರೆ ಬಿಡಿಸುವುದು ಬೇಸಿಗೆಯ ಬಾಗಿಲಿಗೆ. ಬೇರು ಆಳಕ್ಕಿಳಿಯುತ್ತಿತ್ತು, ಮಳೆ ಕೈಕೊಟ್ಟರೂ ಗಿಡ ಪೂರ್ತಿ ಸೋಲುತ್ತಿರಲಿಲ್ಲ. ಎಳೆ ಮಾತ್ರ ಗಿಡ್ಡ. ಈ ಗಿಡ್ಡ ಎಳೆಯೇ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು.

ಹತ್ತಿ ಇದ್ದಲ್ಲಿ ನೂಲುವವರು, ನೇಯುವವರು ಇರಲೇಬೇಕು. ದೇವರ ದಾಸಿಮಯ್ಯನ ಊರು ಮುದನೂರು ಕೃಷ್ಣೆಯ ಆಚೆ ದಡದ ಸುರಪುರ ಸೀಮೆಯಲ್ಲಿದೆ. ಆತನ ಕಾಯಕ ನೇಯ್ಗೆ. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ರೆಮ್ಮವ್ವೆಯ ಹೆಸರಿನ ಹಿಂದೆಯೇ ಕದಿರು ಕೂತಿದೆ, ನೂಲುವ ಕದಿರು. ಲಿಂಗಸುಗೂರಿನಿಂದ ಪಶ್ಚಿಮಕ್ಕೆ ಹೊರಟರೆ ಇಳಕಲ್ ದೂರವೇನಲ್ಲ. ಹೊಲದಿಂದ ಮಗ್ಗದವರೆಗಿನ ದಾರಿ ಎತ್ತಿನ ಗಾಡಿ ಎರಡು ಮೂರು ದಿನ ನಡೆಯುವಷ್ಟು ಮಾತ್ರ ಇತ್ತು.

ಈ ದಾರಿಯ ನಡುವೆ ನಿಂತಿದ್ದವನು ಪಿಂಜಾರ. ಹತ್ತಿಯ ಕಥೆಯಲ್ಲಿ ಅವನನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಕಾಳು ಬೇರ್ಪಟ್ಟ ಅರಳೆಯನ್ನು ನೇರವಾಗಿ ನೂಲಲು ಬರುವುದಿಲ್ಲ. ಅದನ್ನು ಹಿಂಜಬೇಕು, ಕಸ ಉದುರಿಸಬೇಕು, ಎಳೆಗಳನ್ನು ಸಡಿಲಿಸಿ ಹಂಜಿ ಮಾಡಬೇಕು. ಆಳುದ್ದದ ಬಿಲ್ಲು, ಬಿಗಿದ ನರದ ಹುರಿ, ಅದನ್ನು ಮೀಟಲು ಮರದ ಕೊಡತಿ. ಸುಗ್ಗಿ ಮುಗಿದ ಮೇಲೆ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಊರಿಂದೂರಿಗೆ ಹೊರಟ ಪಿಂಜಾರ ಪಡಸಾಲೆಯಲ್ಲಿ ಕೂತು ಹುರಿ ಮೀಟಿದರೆ ಓಣಿಗೆಲ್ಲ ಆ ನಾದ ಕೇಳುತ್ತಿತ್ತು. ಮದುವೆಯ ಗಾದಿ ಅವನು ತುಂಬಬೇಕು, ಬಾಣಂತಿಯ ಹಾಸಿಗೆ, ಕೂಸಿನ ದಿಂಬು ಅವನದೇ. ಲಿಂಗಾಯತರ ಮನೆಯಿರಲಿ, ಬ್ಯಾಡರ ಮನೆಯಿರಲಿ, ಮುಲ್ಲಾನ ಮನೆಯಿರಲಿ, ಎಲ್ಲರೂ ಮಲಗಿದ್ದು ಅವನು ಹಿಂಜಿದ ಹತ್ತಿಯ ಮೇಲೆ.

ಪಿಂಜಾರರಿಗೆ ನದಾಫ್, ಮನ್ಸೂರಿ ಎಂಬ ಹೆಸರುಗಳೂ ಇವೆ. ನದ್ದಾಫ್ ಎಂದರೆ ಅರಬಿಯಲ್ಲಿ ಹತ್ತಿ ಹಿಂಜುವವನು. ಕ್ರಿ.ಶ. 922ರಲ್ಲಿ ಬಗ್ದಾದಿನಲ್ಲಿ ಪ್ರಾಣ ತೆತ್ತ ಸೂಫಿ ಮನ್ಸೂರ್ ಹಲ್ಲಾಜನ ಹೆಸರಿನಲ್ಲಿರುವ ಹಲ್ಲಾಜ್ ಪದಕ್ಕೂ ಅದೇ ಅರ್ಥ. ಮನ್ಸೂರಿಗಳು ತಮ್ಮ ಹೆಸರನ್ನು ಆ ಸಂತನೊಂದಿಗೆ ಜೋಡಿಸಿಕೊಳ್ಳುತ್ತಾರೆ. ಇಂಗ್ಲಿಷಿನ ಕಾಟನ್ ಕೂಡ ಅರಬಿಯ ಕುತ್ನ್ ಪದದಿಂದ ಹೋದದ್ದು. ಯುರೋಪಿಗೆ ವಸ್ತುವಿನ ಜೊತೆ ಹೆಸರನ್ನೂ ಕೊಟ್ಟವರು ಅರಬ್ ವ್ಯಾಪಾರಿಗಳು. ಉತ್ತರ ಕರ್ನಾಟಕದ ಪಿಂಜಾರರಲ್ಲಿ ಎಷ್ಟೋ ಮಂದಿಯ ಮನೆಮಾತು ಕನ್ನಡ. ಹೆಸರಿನಲ್ಲಿ ಬಗ್ದಾದಿನ ನೆನಪು, ನಾಲಿಗೆಯ ಮೇಲೆ ರಾಯಚೂರಿನ ಕನ್ನಡ. ಒಂದು ಕಸುಬು ಎಷ್ಟು ದೂರದ ಊರುಗಳನ್ನು ಒಂದು ಹುರಿಯಲ್ಲಿ ಕಟ್ಟಬಲ್ಲದು ನೋಡಿ.

ಈ ಸುತ್ತಿನ ಹತ್ತಿಗೆ ಹೊರಗಿನವರ ಕಣ್ಣು ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಅಮೆರಿಕದಿಂದ, ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಒಂದೇ ದೇಶವನ್ನು ನಂಬಿ ಕೂರುವುದು ಅಪಾಯವೆಂದು ಮ್ಯಾಂಚೆಸ್ಟರಿನ ವರ್ತಕರು ಹಿಂದೂಸ್ತಾನದ ಕಡೆ ತಿರುಗಿದರು. 1853ರಲ್ಲಿ ಡಾಲ್‌ಹೌಸಿ ಹೈದರಾಬಾದ್ ನಿಜಾಮರ ಮೇಲೆ ಒಂದು ಒಪ್ಪಂದ ಹೇರಿದ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಸಂಬಳದ ಬಾಕಿ ತೀರಿಸಲು ಬೇರಾರ್, ನಳದುರ್ಗ ಸೀಮೆ ಮತ್ತು ರಾಯಚೂರು ದೋಆಬನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಬೇಕಾಯಿತು. ಇದು ಸಾಲದ ಲೆಕ್ಕ ಎಂದು ಕಾಗದದಲ್ಲಿತ್ತು. ಆದರೆ ಅಧಿಕಾರ ಬಿಟ್ಟು ಹೋಗುವಾಗ ಡಾಲ್‌ಹೌಸಿ 1856ರಲ್ಲಿ ಬರೆದ ವರದಿಯಲ್ಲಿ, ಹಿಂದೂಸ್ತಾನದಲ್ಲೇ ಶ್ರೇಷ್ಠವಾದ ಹತ್ತಿಯ ನೆಲ ಈ ಒಪ್ಪಂದದಿಂದ ಕೈಸೇರಿತು ಎಂದು ಹೆಮ್ಮೆಯಿಂದಲೇ ಬರೆದುಕೊಂಡ. ಅಂದಮೇಲೆ ಸಾಲ ನೆಪ, ಹತ್ತಿ ಕಾರಣ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಆ ಕಂಟಿಂಜೆಂಟಿನ ಒಂದು ಠಾಣ್ಯ ಲಿಂಗಸುಗೂರಿನಲ್ಲೇ ಇತ್ತು. ನೆಲವನ್ನು ಒತ್ತೆಯಿಟ್ಟು ಯಾರ ಸಂಬಳ ಕೊಡಬೇಕಿತ್ತೋ ಆ ದಂಡು ಅದೇ ನೆಲದ ಮೇಲೆ ಬಿಡಾರ ಹೂಡಿತ್ತು! 1860ರಲ್ಲಿ ದೋಆಬನ್ನು ನಿಜಾಮರಿಗೆ ಮರಳಿಸಿದರು. ಬೇರಾರನ್ನು ಬಿಡಲಿಲ್ಲ. ಅಲ್ಲಿನ ಹತ್ತಿ ಇನ್ನೂ ಹೆಚ್ಚಾಗಿತ್ತು.

ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ. ಹತ್ತಿ ಹೊತ್ತ ಹಡಗುಗಳು ನಿಂತವು, ಲ್ಯಾಂಕಾಶೈರಿನ ಗಿರಣಿಗಳು ಬಾಗಿಲು ಹಾಕಿದವು, ಇಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹಾಗಾಗಿಯೇ ಗದಗಿನ ಹೊಲದ ಜವಾರಿ ಹತ್ತಿಗೆ ಮುಂಬಯಿಯ ಪೇಟೆಯಲ್ಲಿ ‘ಕುಂಪ್ಟ’ ಎಂಬ ಹೆಸರು, ಬೆಳೆದ ಊರಿನದಲ್ಲ, ಹಡಗು ಹತ್ತಿದ ಊರಿನ ಹೆಸರು. ದೋಆಬಿನ ಹತ್ತಿಯನ್ನು ಹೊತ್ತದ್ದು ಎತ್ತುಗಳು. ಲಂಬಾಣಿಗರ ಹೇರೆತ್ತುಗಳ ಸಾಲು ಈ ನಾಡಿನ ವ್ಯಾಪಾರದ ಬೆನ್ನೆಲುಬಾಗಿತ್ತು. ಲಿಂಗಸುಗೂರು ತಾಲ್ಲೂಕಿನಲ್ಲಿ ಇಂದು ಕಾಣುವ ತಾಂಡಾಗಳನ್ನು ನೋಡುವಾಗ ಅವರು ಒಂದು ಕಾಲದ ಸಾಗಣೆದಾರರು ಎಂಬುದನ್ನು ಮರೆಯಬಾರದು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮುಂಬಯಿಯಲ್ಲಿ ಷೇರು ಆಡಿದ ಸಾಹುಕಾರರು ದಿವಾಳಿಯಾದ ಕಥೆ ಎಲ್ಲರಿಗೂ ಗೊತ್ತು. ಜೋಳದ ಹೊಲಕ್ಕೆ ಹತ್ತಿ ಹಾಕಿದ ರೈತನ ಕಥೆಯನ್ನು ಬರೆದಿಟ್ಟವರು ಕಡಿಮೆ. ಹನ್ನೊಂದು ವರ್ಷ ಕಳೆಯುವುದರಲ್ಲಿ 1876-78ರ ಮಹಾ ಬರ ಬಂದು ಈ ಸೀಮೆಯನ್ನು ಬರಿದು ಮಾಡಿತು.

1871ರಲ್ಲಿ ಮುಂಬಯಿ ಕಡೆಯ ರೈಲು ಮತ್ತು ಮದರಾಸು ಕಡೆಯ ರೈಲು ರಾಯಚೂರಿನಲ್ಲಿ ಕೂಡಿಕೊಂಡವು. ಅಲ್ಲಿಗೆ ಲಂಬಾಣಿ ಎತ್ತಿನ ಕಾಲ ಮುಗಿಯಿತು, ಲಿಂಗಸುಗೂರಿನ ದೊಡ್ಡಸ್ತಿಕೆಯ ಕಾಲವೂ ಮುಗಿಯಿತು ಎನ್ನಬೇಕು. ನಿಜಾಮರ ರಾಜ್ಯದಲ್ಲಿ ಲಿಂಗಸುಗೂರು ಒಂದು ಜಿಲ್ಲೆಯಾಗಿತ್ತು. 1905ರಲ್ಲಿ ಅದನ್ನು ಒಡೆದು ತಾಲ್ಲೂಕುಗಳನ್ನು ರಾಯಚೂರು, ಗುಲ್ಬರ್ಗಾ ಜಿಲ್ಲೆಗಳಿಗೆ ಹಂಚಿದರು. ಜಿನ್ನಿಂಗ್, ಪ್ರೆಸ್ಸಿಂಗ್ ಫ್ಯಾಕ್ಟರಿಗಳು ಹಳಿ ಇದ್ದಲ್ಲಿ ಎದ್ದವು. ಗುಲ್ಬರ್ಗದಲ್ಲಿ 1880ರ ದಶಕದಲ್ಲಿ ಶುರುವಾದ ಮೆಹಬೂಬ್ ಶಾಹಿ ಗಿರಣಿ ಇದೇ ಕಾಲದ ಕೂಸು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ನೂರೈವತ್ತು ವರ್ಷ ಇಲ್ಲಿನ ಅಂಡಿಗೆಗಳು ರಾಯಚೂರಿನ ಗಂಜ್ ತಲುಪಿದ್ದು ಮೊದಲು ಬಂಡಿಯಲ್ಲಿ, ಆಮೇಲೆ ಲಾರಿಯಲ್ಲಿ.

ಇನ್ನು ಎಳೆಯ ಜಗಳ. ಮ್ಯಾಂಚೆಸ್ಟರಿನ ಯಂತ್ರಗಳಿಗೆ ಉದ್ದ ಎಳೆ ಬೇಕು. 1840ರ ದಶಕದಲ್ಲೇ ಧಾರವಾಡದಲ್ಲಿ ಅಮೆರಿಕದ ಬೀಜ ಬಿತ್ತಿಸಿ ‘ಧಾರವಾಡ್-ಅಮೆರಿಕನ್’ ತಳಿಯನ್ನು ನೆಲೆಗೊಳಿಸಿದ್ದರು. ಮುಂದೆ ಗದಗ, ಧಾರವಾಡ, ಬಳ್ಳಾರಿ ಬಳಿಯ ಹಗರಿಯ ಸಂಶೋಧನಾ ಕೇಂದ್ರಗಳಲ್ಲಿ ಜವಾರಿಯನ್ನೂ ವಿಲಾಯತಿಯನ್ನೂ ತಿದ್ದುವ ಕೆಲಸ ನಡೆಯಿತು. 1947ರ ವಿಭಜನೆಯಲ್ಲಿ ಗಿರಣಿಗಳು ಹೆಚ್ಚಾಗಿ ಇತ್ತ ಉಳಿದವು, ಒಳ್ಳೆಯ ಹತ್ತಿ ಬೆಳೆಯುವ ಪಂಜಾಬ್, ಸಿಂಧ್ ಅತ್ತ ಹೋದವು. ಉದ್ದ ಎಳೆಯ ಹಸಿವು ಸ್ವತಂತ್ರ ಭಾರತಕ್ಕೂ ಅಂಟಿಕೊಂಡಿತು. ಅದಕ್ಕೆ ದೊಡ್ಡ ಉತ್ತರ ಕೊಟ್ಟವರು ಧಾರವಾಡದ ವಿಜ್ಞಾನಿ ಬಿ.ಎಚ್. ಕಟರಕಿ. ಅವರ ‘ವರಲಕ್ಷ್ಮಿ’ ಹೈಬ್ರಿಡ್ 1972ರಲ್ಲಿ ಬಂತು, 1981ರಲ್ಲಿ ‘ಜಯಲಕ್ಷ್ಮಿ’ ಎಂದೇ ಕರೆಯುವ ಡಿಸಿಎಚ್-32. ನೀರಿದ್ದವರು ಕೈತುಂಬ ಗಳಿಸಿದರು. ಆದರೆ ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಲು ಬರುವುದಿಲ್ಲ. ಮೊದಲ ಬಾರಿಗೆ ಹತ್ತಿಯ ರೈತ ಪ್ರತಿ ವರ್ಷ ಬೀಜದಂಗಡಿಯ ಮೆಟ್ಟಿಲು ಹತ್ತಿದ. ಬೀಜ ಮಾಡುವ ಪ್ಲಾಟುಗಳಲ್ಲಿ ಒಂದೊಂದೇ ಮೊಗ್ಗಿನ ಕೇಸರ ತೆಗೆದು ಪರಾಗ ಮುಟ್ಟಿಸುವ ಕೆಲಸಕ್ಕೆ ಕೊಪ್ಪಳದಲ್ಲಿ, ಕರ್ನೂಲಿನಲ್ಲಿ ಹೆಣ್ಣುಮಕ್ಕಳನ್ನು, ಅದರಲ್ಲೂ ಶಾಲೆಗೆ ಹೋಗಬೇಕಾದವರನ್ನು ಹಚ್ಚಿದ್ದು ಈ ಪ್ರಗತಿಯ ಇನ್ನೊಂದು ಮುಖ.

ಈಗ ಸಿಂಧನೂರಿಗೆ ಬರೋಣ. 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಹೋಗಬೇಕು. ಯೋಜನೆ ಮಾಡಿದವರ ತಲೆಯಲ್ಲಿ ಇದು ಭತ್ತದ ಕಾಲುವೆಯಾಗಿರಲಿಲ್ಲ. ಬರ ತಪ್ಪಿಸುವುದು ಉದ್ದೇಶ, ನೀರು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಜನಕ್ಕೆ ಸಿಗಬೇಕು. ಹಾಗಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಸರಕಾರವೇ ಗೊತ್ತುಮಾಡಿತು. ಹೆಚ್ಚಿನ ನೆಲ ಜೋಳ, ಶೇಂಗಾದಂಥ ಲಘು ಬೆಳೆಗಳಿಗೆ, ಒಂದು ಪಾಲು ಹತ್ತಿಗೆಂದೇ ಮೀಸಲು, ಭತ್ತಕ್ಕೆ ಸ್ವಲ್ಪ ಮಾತ್ರ. ಕಾಗದದ ಮೇಲೆ ಸಿಂಧನೂರು ಹತ್ತಿಯ ತಾಲ್ಲೂಕಾಗಿ ಉಳಿಯಬೇಕಿತ್ತು.

ನಡೆದದ್ದೇ ಬೇರೆ. ಸ್ಥಳೀಯ ರೈತರಿಗೆ ನೀರಾವರಿಯ ರೂಢಿ ಇರಲಿಲ್ಲ, ಎರೆಭೂಮಿಗೆ ನೀರು ಕಟ್ಟಿದರೆ ಕೆಡುತ್ತದೆ ಎಂಬ ಅಂಜಿಕೆಯೂ ಇತ್ತು. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು, ಮಡಿ ಕಟ್ಟಿ, ಭತ್ತ ನಾಟಿ ಮಾಡಿದರು. ಅವರ ಬಿಡಾರಗಳೇ ಇಂದಿನ ‘ಕ್ಯಾಂಪ್’ಗಳು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನಲ್ಲಿ ಪುನರ್ವಸತಿ ಕ್ಯಾಂಪ್‌ಗಳಾದವು. ವರಲಕ್ಷ್ಮಿಯ ಕಾಲದಲ್ಲಿ ಹತ್ತಿ ಇಲ್ಲಿ ಕೊಂಚ ತಲೆಯೆತ್ತಿತಾದರೂ ಹುಳದ ಕಾಟ, ಔಷಧದ ಖರ್ಚು, ಬೆಲೆಯ ಏರಿಳಿತ ಕಂಡ ರೈತರು ಭತ್ತವೇ ಲೇಸೆಂದರು. ಭತ್ತಕ್ಕೆ ಬೆಂಬಲ ಬೆಲೆಯಿತ್ತು, ಅಕ್ಕಿ ಗಿರಣಿಯಿತ್ತು, ಕೊಳ್ಳುವವನು ಮನೆ ಬಾಗಿಲಿಗೆ ಬರುತ್ತಿದ್ದ. ರೈತನನ್ನು ದೂರಿ ಫಲವಿಲ್ಲ, ಅವನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೇಲಿನವರು ಎರಡು ಬೆಳೆ ಭತ್ತ ತೆಗೆದರೆ ಕೆಳಗಿನ ಮಾನ್ವಿ, ರಾಯಚೂರಿನವರಿಗೆ ನೀರೆಲ್ಲಿ? ಕಾಲುವೆಯ ಕೊನೆಯ ಭಾಗದ ರೈತರು ಇಂದಿಗೂ ಬೀದಿಗಿಳಿಯುತ್ತಾರೆ. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಇದ್ದ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಸಿಂಧನೂರಿನ ಪ್ರತಿ ಮನೆಯೂ ಟಿವಿಯ ಮುಂದೆ ಉಸಿರು ಹಿಡಿದು ಕೂತಿತ್ತು. ಅಷ್ಟರಮಟ್ಟಿಗೆ ಊರಿನ ಜೀವ ಭತ್ತಕ್ಕೆ, ಭತ್ತದ ಜೀವ ಗೇಟಿಗೆ ಕಟ್ಟಿಕೊಂಡಿದೆ.

ಹತ್ತಿಗೆ ಬೆನ್ನು ತಿರುಗಿಸಿದ ಇದೇ ಸಿಂಧನೂರು 1998ರಲ್ಲಿ ಹತ್ತಿಯಿಂದಾಗಿಯೇ ದೇಶದ ಸುದ್ದಿಯಾಯಿತು. ಮಹಿಕೋ ಮತ್ತು ಮಾನ್ಸಾಂಟೊ ಕಂಪೆನಿಗಳು ಕುಲಾಂತರಿ ಬಿಟಿ ಹತ್ತಿಯ ಪ್ರಯೋಗ ನಡೆಸುತ್ತಿದ್ದ ಹೊಲಗಳು ಕರ್ನಾಟಕದಲ್ಲೂ ಇವೆ ಎಂಬುದು ಹೊರಬಿತ್ತು. ನವೆಂಬರ್ 28ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘ ಸಿಂಧನೂರು ಕಡೆಯ ಒಂದು ಹೊಲದ ಬೆಳೆಯನ್ನು ಕಿತ್ತು ಸುಟ್ಟಿತು. ಆಮೇಲೆ ಬಳ್ಳಾರಿಯ ಸರದಿ. ಹೊಲದ ಒಡೆಯನಿಗೆ ತಾನು ಬಿತ್ತಿದ್ದು ಏನೆಂದು ತಿಳಿಸಿರಲಿಲ್ಲ ಎಂಬುದು ಸಂಘದ ಮುಖ್ಯ ಆರೋಪ. ಪಕ್ಕದ ವಾರಂಗಲ್ಲಿನಲ್ಲಿ ಹಿಂದಿನ ಹಂಗಾಮಿನಲ್ಲಷ್ಟೇ ಹತ್ತಿ ರೈತರ ಸಾಲು ಸಾಲು ಆತ್ಮಹತ್ಯೆಗಳಾಗಿದ್ದವು, ಜನರ ಮನಸ್ಸು ಕುದಿಯುತ್ತಿತ್ತು.

ಇಂದು ಹಿಂದಿರುಗಿ ನೋಡಿದಾಗ ಆ ಬೆಂಕಿಯಲ್ಲಿ ಎರಡು ಮಾತುಗಳು ಬೆರೆತಿದ್ದವು ಎನಿಸುತ್ತದೆ. ಈ ಬೀಜದಲ್ಲಿ ‘ಟರ್ಮಿನೇಟರ್’ ವಂಶವಾಹಿಯಿದೆ, ಇದು ನೆಲವನ್ನೇ ಬಂಜೆ ಮಾಡುತ್ತದೆ ಎಂದು ಆಗ ಹಬ್ಬಿದ ಮಾತು ನಿಜವಲ್ಲ. ಬಿಟಿಯಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಹೊಲದವನನ್ನು ಕೇಳದೆ ಹೊಲದಲ್ಲಿ ಪ್ರಯೋಗ ಮಾಡಬಹುದೇ, ಬೀಜದ ಒಡೆತನ ಯಾರದು ಎಂಬ ಪ್ರಶ್ನೆ ಅಂದೂ ಸರಿಯಾಗಿತ್ತು, ಇಂದೂ ಸರಿಯಾಗಿದೆ. ಸುಳ್ಳು ಸುದ್ದಿಯನ್ನು ತೋರಿಸಿ ಆ ಪ್ರಶ್ನೆಯನ್ನೂ ತಳ್ಳಿಹಾಕಿದವರು ಜಾಣರು.

2002ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಬಿಟಿಗೆ ಅನುಮತಿ ಕೊಟ್ಟಿತು. 450 ಗ್ರಾಂ ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲೆ! 2006ರಲ್ಲಿ ಆಂಧ್ರ ಸರಕಾರ ಪಟ್ಟು ಹಿಡಿದ ಮೇಲೆ ಅದು 750ಕ್ಕೆ ಇಳಿಯಿತು. ಕಾಯಿಕೊರಕಕ್ಕೆ ಹೊಡೆಯುವ ಔಷಧ ಕಡಿಮೆಯಾದದ್ದು ನಿಜ, ಇಳುವರಿ ಏರಿದ್ದೂ ನಿಜ. ಬೆಳೆ ಸುಟ್ಟ ಜಿಲ್ಲೆಯಲ್ಲೇ ರೈತರು ಸರದಿಯಲ್ಲಿ ನಿಂತು ಬೀಜ ಕೊಂಡರು. ದೇಶದ ಉತ್ಪಾದನೆ 2013-14ರಲ್ಲಿ ತಲಾ 170 ಕಿಲೋದ 398 ಲಕ್ಷ ಬೇಲ್ ಮುಟ್ಟಿತು. ಅಷ್ಟರಲ್ಲಿ ಗುಲಾಬಿ ಕಾಯಿಕೊರಕ ಬಿಟಿಯನ್ನು ಜೀರ್ಣಿಸಿಕೊಂಡಿತ್ತು. 2010ರಲ್ಲಿ ಗುಜರಾತಿನಲ್ಲಿ ಮೊದಲ ಬಿಟಿ ಸೋತ ಸುದ್ದಿ ಬಂತು, 2015ರ ಹೊತ್ತಿಗೆ ಎರಡನೆಯ ಬಿಟಿಯೂ ಅದೇ ದಾರಿ ಹಿಡಿಯಿತು, ರಾಯಚೂರಿನ ಹೊಲಗಳಲ್ಲೂ ಹುಳ ಕಂಡಿತು. ಪೊಟ್ಟಣದ ಜೊತೆ ಕೊಡುತ್ತಿದ್ದ 120 ಗ್ರಾಂ ಸಾದಾ ಬೀಜವನ್ನು ಹೊಲದ ಸುತ್ತ ಬಿತ್ತಿ ಹುಳಕ್ಕೆ ಆಶ್ರಯ ಕೊಡಬೇಕಿತ್ತು. ಆದರೆ ಎಕರೆ ಎರಡೆಕರೆಯವನು ಹುಳಕ್ಕೆಂದು ಸಾಲು ಬಿಟ್ಟುಕೊಡುತ್ತಾನೆಯೇ? ಕಾಲುವೆಯ ಬದಿಯವರು ಫೆಬ್ರವರಿವರೆಗೂ ನೀರು ಕೊಟ್ಟು ಗಿಡ ಉಳಿಸಿಕೊಂಡದ್ದು ಹುಳಕ್ಕೆ ಇನ್ನಷ್ಟು ಅನುಕೂಲವಾಯಿತು. ಚೀನಾ, ಅಮೆರಿಕ, ಬ್ರೆಜಿಲ್‌ಗಳಲ್ಲಿ ಬಿಟಿ ಹತ್ತಿ ಹೈಬ್ರಿಡ್ ಅಲ್ಲದ ತಳಿಗಳಲ್ಲೇ ಹೆಚ್ಚಾಗಿ ಬಂತು, ಒತ್ತಾಗಿ ಬಿತ್ತಿ ಬೇಗ ಕೊಯ್ಯುವ ಬೆಳೆ. ದೇಶಕ್ಕೆ ದೇಶವೇ ದುಬಾರಿ, ದೀರ್ಘಾವಧಿಯ ಹೈಬ್ರಿಡ್‌ಗೆ ಕಟ್ಟುಬಿದ್ದವರು ನಾವೇ. ಬೀಜ ಪ್ರತಿ ವರ್ಷ ಮಾರಾಟವಾಗಬೇಕೆಂಬ ಲೆಕ್ಕ ಇದರ ಹಿಂದಿದೆ ಎಂದು ಅನುಮಾನಿಸಲು ಕಾರಣವಿದೆ.

ಇಂದು ಲಿಂಗಸುಗೂರು, ಮಸ್ಕಿ ಕಡೆ ಕಾಲುವೆ ಮುಟ್ಟದ ಎರೆಯಲ್ಲಿ ಹತ್ತಿ ಉಳಿದುಕೊಂಡಿದೆ, ತೊಗರಿಯ ಜೊತೆ ಜಾಗ ಹಂಚಿಕೊಂಡು. ಒಂದು ಕ್ವಿಂಟಾಲ್ ಹತ್ತಿಯಲ್ಲಿ ಅರಳೆ ಬರುವುದು 33-35 ಕಿಲೋ, ಉಳಿದದ್ದು ಕಾಳು, ಅದರಿಂದ ಎಣ್ಣೆ, ದನಕ್ಕೆ ಹಿಂಡಿ. ಅರಳೆ ಕೊಯಮತ್ತೂರಿನ ಗಿರಣಿಗಳತ್ತ ಹೋಗುತ್ತದೆ. ಅಲ್ಲಿ ನೂಲಿಗೆ ಬೇಡಿಕೆ ಕುಸಿದರೆ ಗಂಜಿನ ಟೆಂಡರಿನಲ್ಲಿ ಅದೇ ವಾರ ಗೊತ್ತಾಗುತ್ತದೆ. 2022ರಲ್ಲಿ ಕ್ವಿಂಟಾಲಿಗೆ 12,000 ದಾಟಿದ ಬೆಲೆಯನ್ನು ನಂಬಿ ಮರುವರ್ಷ ಮನೆಯಲ್ಲಿ ಹತ್ತಿ ಕೂಡಿಟ್ಟವರು ಕಡಿಮೆ ಬೆಲೆಗೆ ಕೊಟ್ಟರು. 2025-26ಕ್ಕೆ ಉದ್ದ ಎಳೆಗೆ 8,110 ರೂಪಾಯಿ ಬೆಂಬಲ ಬೆಲೆ ಘೋಷಿಸಿದ ಕೇಂದ್ರ, ಅಮೆರಿಕ ನಮ್ಮ ಬಟ್ಟೆಗೆ 50 ಶೇಕಡಾ ಸುಂಕ ಹಾಕಿದ ಆ ಆಗಸ್ಟ್‌ನಲ್ಲೇ ಹೊರದೇಶದ ಹತ್ತಿಯ ಮೇಲಿನ 11 ಶೇಕಡಾ ಆಮದು ಸುಂಕವನ್ನು ತೆಗೆಯಿತು, ಬಳಿಕ ಆ ವಿನಾಯಿತಿಯನ್ನು ಡಿಸೆಂಬರ್ ಅಂತ್ಯದವರೆಗೆ ವಿಸ್ತರಿಸಿತು. ನಮ್ಮಲ್ಲಿ ಹತ್ತಿ ಬಿಡಿಸುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಗಿರಣಿಯವರ ಕಷ್ಟ ಸುಳ್ಳಲ್ಲ. ಆದರೆ ಭಾರ ಹೊತ್ತವನು ಎರೆಯ ರೈತ.

ಬಿಡಿಸುವ ಕೆಲಸ ಹೆಂಗಸರದು, ಕಿಲೋ ಲೆಕ್ಕದ ಕೂಲಿ. ಆ ದಿನಗಳಲ್ಲಿ ಸರಕಾರಿ ಶಾಲೆಗಳ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರು ಹೆಚ್ಚುವುದನ್ನು ಯಾವ ಮಾಸ್ತರರನ್ನು ಕೇಳಿದರೂ ಹೇಳುತ್ತಾರೆ. ಪಿಂಜಾರರ ಬಿಲ್ಲು ಮೂಲೆ ಸೇರಿ ಎಷ್ಟೋ ಕಾಲವಾಯಿತು. ಮೊದಲು ಹಿಂಜುವ ಯಂತ್ರ ಬಂತು, ಆಮೇಲೆ ಫೋಮ್ ಗಾದಿ. 1960ರಲ್ಲಿ ಜಗತ್ತು ಬಳಸುತ್ತಿದ್ದ ನಾರಿನಲ್ಲಿ ಮೂರರಲ್ಲಿ ಎರಡು ಪಾಲು ಹತ್ತಿಯದಾಗಿತ್ತು, ಈಗ ಕಾಲು ಭಾಗಕ್ಕಿಂತ ಕಡಿಮೆ. ಉಳಿದ ಜಾಗವನ್ನು ಪಾಲಿಸ್ಟರ್ ಹಿಡಿದಿದೆ. ಸಿಂಧನೂರಿನ ಅಂಗಡಿಯಲ್ಲಿ ಅಗ್ಗದ ಸೀರೆ ಕೇಳಿದರೆ ಕೈಗೆ ಬರುವುದು ಅದೇ. ಹತ್ತಿ ಬಿಡಿಸುವ ಹೆಣ್ಣುಮಗಳ ಮೈಮೇಲೂ ಅದೇ.

ಮಸ್ಕಿ 2017ರಲ್ಲಿ ತಾಲ್ಲೂಕಾಗಿ ಘೋಷಣೆಯಾಯಿತು. 2020ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತರು. 2021ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ಆ ಪೆಂಡಾಲಿನತ್ತ ನೋಡಬೇಕಾಯಿತು. ಕಾಲುವೆ ಕಾರ್ಯಸಾಧ್ಯವಲ್ಲ, ಬದಲಿಗೆ ನಂದವಾಡಗಿ ಏತ ನೀರಾವರಿಯಿಂದ ಕೊಡುತ್ತೇವೆ ಎಂದಿತು ಸರಕಾರ. ಹರಿಯುವ ಕಾಲುವೆಯೇ ಬೇಕೆಂದು ರೈತರು ಪಟ್ಟು ಬಿಡಲಿಲ್ಲ. ನೀರು ಬಂದ ಹೊಲದಲ್ಲಿ ಏನು ಬಿತ್ತುವಿರಿ ಎಂದು ಅವರನ್ನು ಕೇಳುವ ಅಗತ್ಯವಿಲ್ಲ. ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಸಿಂಧನೂರನ್ನು ಅವರು ದಿನವೂ ನೋಡುತ್ತಿದ್ದಾರೆ.